ಲಾಘವವೂ ಅಧಿಕಾರವೂ

ಭಾರವನ್ನು ಇಳಿಸಿಕೊಳ್ಳಬೇಕೆಂದು ಎಲ್ಲರೂ ಉಪದೇಶಿಸುತ್ತಾರೆ. ಪ್ರವಾಸಿಗನಿಗೆ ಗಂಟು ಸಣ್ಣದಿರಲೆಂದೂ, ಸಂಸಾರಿಗೆ ಆಶೆ ಮಿತವಾಗಿರಲೆಂದೂ, ಸಾಧಕನಿಗೆ ಪರಿಗ್ರಹ ಬೇಡವೆಂದೂ, ಶಾಸ್ತ್ರಕಾರನಿಗೆ ಸೂತ್ರದಲ್ಲಿ ಒಂದಕ್ಷರವೂ ಹೆಚ್ಚಾಗಬಾರದೆಂದೂ ಹೇಳುವದುಂಟು. ಈ ಉಪದೇಶವು ತಪ್ಪೆಂದು ಯಾರೂ ಹೇಳಲಾರರು. ಆದರೆ ಹೇಳುವವರೂ ಕೇಳುವವರೂ ಸಾಮಾನ್ಯವಾಗಿ ಒಂದು ಪ್ರಶ್ನೆಯನ್ನು ಎತ್ತದೆಯೇ ಮುಂದೆ ಸಾಗುತ್ತಾರೆ. ಇಳಿಸಿದ ಭಾರವು ಎಲ್ಲಿಗೆ ಹೋಯಿತು? ಅದು ನಿಜವಾಗಿಯೇ ಇಲ್ಲದಂತಾಯಿತೇ, ಅಥವಾ ಕಣ್ಣಿಗೆ ಕಾಣದ ಬೇರೊಂದು ಹೆಗಲನ್ನು ಏರಿ ಕುಳಿತಿತೇ? ಇದನ್ನು ಬರಿಯ ತರ್ಕದಿಂದ ಬಿಡಿಸುವದಕ್ಕಿಂತ ಒಂದು ಪ್ರತ್ಯಕ್ಷ ವಸ್ತುವನ್ನು ಮುಂದಿಟ್ಟುಕೊಂಡು ವಿಚಾರಿಸುವದು ಲೇಸು. ಅಂಥ ವಸ್ತುವೊಂದು ಈಚಿನ ಕಾಲದಲ್ಲಿ ದೊರೆತಿದೆ. ಅದಾವದೆಂದರೆ, ಇಂಜಿನ್ನಿನ ಹಂಗಿಲ್ಲದೆ ಊರಿಂದೂರಿಗೆ ಹಾರುವವರ ಸಲುವಾಗಿ ತಯಾರಾದ, ಎರಡೇ ಸಾಲು ದಾರಗಳುಳ್ಳ, ಹಗುರಾದ ಪ್ಯಾರಾಗ್ಲೈಡರ್ ಎಂಬ ಬಟ್ಟೆಯ ರೆಕ್ಕೆ.

ರಾಯಬಾಗ ತಾಲೂಕಿನ ಮುಗಳಖೋಡದ ಸುತ್ತಲಿನದು ಬಯಲು ಸೀಮೆ. ಹಾರುವದಕ್ಕೆ ಬೇಕಾದ ಎತ್ತರದ ಬೆಟ್ಟ ಅಲ್ಲಿಲ್ಲ. ಆದರೆ ಹಾರಾಟದ ತತ್ತ್ವವನ್ನು ಅಲ್ಲಿಯ ಬಾಲಕರೂ ಕಂಡಿರುತ್ತಾರೆ. ಫಾಲ್ಗುಣ ಚೈತ್ರಗಳ ನಡುಮಧ್ಯಾಹ್ನದಲ್ಲಿ ಹದ್ದೊಂದು ಉತ್ತಿಟ್ಟ ಒಣಹೊಲದ ಮೇಲೆ ಸುತ್ತುತ್ತದೆ. ರೆಕ್ಕೆಯನ್ನು ಒಮ್ಮೆಯೂ ಬಡಿಯುವದಿಲ್ಲ. ಆದರೂ ಸುತ್ತುಸುತ್ತಿಗೆ ಮೇಲೇರಿ ಕೊನೆಗೆ ಚುಕ್ಕೆಯಾಗಿ ಮಾಯವಾಗುತ್ತದೆ. ನೀರುಂಡ ಕಬ್ಬಿನ ತೋಟದ ಮೇಲಿನ ಗಾಳಿಯು ತಂಪಾಗಿ ಕೆಳಗೇ ಉಳಿಯುತ್ತದೆ. ಪಕ್ಕದ ಬರಿಹೊಲದ ಮೇಲಿನ ಗಾಳಿಯು ಕಾದು, ಹಗುರಾಗಿ, ಕಂಬದಂತೆ ಮೇಲಕ್ಕೇಳುತ್ತದೆ. ಸಣ್ಣ ಸುಂಟರಗಾಳಿಗಳು ಹುಟ್ಟುವದೂ ಅಂಥ ಸ್ಥಳದಲ್ಲಿಯೇ. ಹದ್ದು ಆ ಕಂಬವನ್ನು ಹುಡುಕಿ ಅದರೊಳಗೆ ಸುತ್ತುತ್ತದೆ. ಸಾಕಷ್ಟು ಎತ್ತರವಾದ ಮೇಲೆ ರೆಕ್ಕೆ ಚಾಚಿ ಮುಂದಿನ ಹೊಲದತ್ತ ಜಾರುತ್ತದೆ. ಏರುವದು, ಜಾರುವದು, ಮತ್ತೆ ಏರುವದು, ಇಷ್ಟೇ ಅದರ ವಿದ್ಯೆ.

ಇದೇ ವಿದ್ಯೆಯನ್ನು ಮನುಷ್ಯರು ಅಭ್ಯಾಸಮಾಡುವ ಸ್ಥಳವು ಈ ಸೀಮೆಗೆ ತೀರ ಹೊರತಾದುದೇನಲ್ಲ. ಕುಡಚಿಯ ಬಳಿಯಲ್ಲಿ ಹರಿಯುವ ಕೃಷ್ಣೆಯ ದಂಡೆಯನ್ನು ಹಿಡಿದು ಮೇಲ್ಮೇಲಕ್ಕೆ ನಡೆದರೆ ನರಸೋಬಾವಾಡಿ, ಸಾಂಗಲಿ, ಕರಾಡಗಳಾದ ಮೇಲೆ ವಾಯಿ ಕ್ಷೇತ್ರವು ಬರುತ್ತದೆ. ಅದರಾಚೆಗೆ ಧೋಮದ ಜಲಾಶಯ. ಜಲಾಶಯದ ಮಗ್ಗುಲಿಗೆ ಸುಮಾರು ೧,೩೦೦ ಮೀಟರ್ ಎತ್ತರದಲ್ಲಿ ಪಂಚಗಣಿ. ಮಳೆಗಾಲ ಕಳೆದ ಮೇಲೆ ಅಲ್ಲಿಯ ಬೆಟ್ಟದ ಅಂಚಿನಿಂದ ಪ್ಯಾರಾಗ್ಲೈಡರುಗಳು ಹಾರುತ್ತವೆ. ಹಾರುವವರ ಕಾಲ ಕೆಳಗೆ ಹೊಳೆಯುವ ನೀರೇ ಮುಂದೆ ಈ ತಾಲೂಕಿನ ಕಬ್ಬಿಗೂ ಸಲ್ಲುತ್ತದೆ. ಇನ್ನೂ ದೂರ ಹೋದರೆ ಹಿಮಾಚಲ ಪ್ರದೇಶದ ಬೀರ್-ಬಿಲ್ಲಿಂಗ್ ಇದೆ. ೨೦೧೫ರಲ್ಲಿ ಈ ಕ್ರೀಡೆಯ ವಿಶ್ವಕಪ್ ಪಂದ್ಯವು ಅಲ್ಲಿ ನಡೆಯಿತು.

ಈ ರೆಕ್ಕೆಯ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳದೆ ಮುಂದಿನ ವಿಚಾರವು ಮನಸ್ಸಿಗೆ ಹತ್ತುವದಿಲ್ಲ. ೧೯೬೦ರ ದಶಕದಲ್ಲಿ ಅಮೇರಿಕದ ಡಾಮಿನಾ ಜಾಲ್ಬರ್ಟ್ ಎಂಬವನು, ಎದುರುಗಾಳಿಯು ಒಳಹೊಕ್ಕು ಉಬ್ಬಿಸುವಂಥ ಗೂಡುಗೂಡಾದ ಬಟ್ಟೆಯ ರೆಕ್ಕೆಯನ್ನು ನಿರ್ಮಿಸಿದನು. ೧೯೭೮ರಲ್ಲಿ ಫ್ರಾನ್ಸದ ಮಿಯೂಸಿ ಎಂಬ ಬೆಟ್ಟದೂರಿನಲ್ಲಿ ವಿಮಾನದಿಂದ ಧುಮುಕುವ ಅಭ್ಯಾಸವುಳ್ಳ ಕೆಲವರು, ವಿಮಾನದ ಖರ್ಚೇಕೆಂದು, ಅಂಥ ರೆಕ್ಕೆಯನ್ನು ಬಿಚ್ಚಿಕೊಂಡು ಇಳಿಜಾರಿನಲ್ಲಿ ಓಡಿಯೇ ಹಾರಿದರು. ಅಲ್ಲಿಂದ ಈ ಕ್ರೀಡೆಯು ಬೆಳೆಯಿತು. ರೆಕ್ಕೆಗೆ ಮರದ ಅಥವಾ ಲೋಹದ ಚೌಕಟ್ಟಿಲ್ಲ. ಒಳಗೆ ತುಂಬಿದ ಗಾಳಿಯೇ ಅದರ ಎಲುಬು; ಕೆಳಗೆ ಜೋಲಿಯಲ್ಲಿ ಕುಳಿತ ಮನುಷ್ಯನ ತೂಕವೇ ಅದರ ಬಿಗುವು. ಆ ತೂಕವನ್ನು ರೆಕ್ಕೆಗೆ ಮುಟ್ಟಿಸುವದು ದಾರಗಳ ಕೆಲಸ.

ದಾರಗಳು ರೆಕ್ಕೆಯ ಅಡಿಯಲ್ಲಿ ಎಡದ ತುದಿಯಿಂದ ಬಲದ ತುದಿಯವರೆಗೆ ಸಾಲಾಗಿ ಕಟ್ಟಿರುತ್ತವೆ. ಮುಂದಂಚಿನ ಹತ್ತಿರ ಒಂದು ಸಾಲು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಮೊದಮೊದಲಿನ ರೆಕ್ಕೆಗಳಿಗೆ ಇಂಥ ನಾಲ್ಕು ಸಾಲುಗಳಿದ್ದವು, ಬಳಿಕ ಮೂರಾದವು. ಹಾರುವಾಗ ಪ್ರತಿಯೊಂದು ದಾರವೂ ಗಾಳಿಯನ್ನು ಸೀಳಬೇಕಾಗುತ್ತದೆ. ಒಂದೇ ದಾರವಾದರೆ ಅದು ಏನೂ ಅಲ್ಲ. ಆದರೆ ಎಲ್ಲ ದಾರಗಳ ಉದ್ದವನ್ನು ಕೂಡಿಸಿದರೆ ನೂರಾರು ಮೀಟರ್ ಆಗುವದು. ಅಷ್ಟು ದಾರವು ಗಾಳಿಗೆ ಕೊಡುವ ಅಡ್ಡಿಯು ವೇಗದ ವರ್ಗದಂತೆ ಏರುತ್ತದೆ. ವೇಗವು ಇಮ್ಮಡಿಯಾದರೆ ಅಡ್ಡಿಯು ನಾಲ್ಮಡಿಯಾಗುತ್ತದೆ. ಆದಕಾರಣ ಹೆಚ್ಚು ದೂರ ಹೋಗಬೇಕೆನ್ನುವವರು ದಾರಗಳನ್ನು ಕಡಿಮೆ ಮಾಡಲು ಹವಣಿಸಿದರು. ಸುಮಾರು ೨೦೦೯ ೨೦೧೦ರ ಹೊತ್ತಿಗೆ ಪಂದ್ಯದ ರೆಕ್ಕೆಗಳಲ್ಲಿ ಮೂರನೆಯ ಸಾಲನ್ನೂ ತೆಗೆದುಬಿಟ್ಟರು. ಬಟ್ಟೆಯು ಜೋಲು ಬೀಳದಿರಲೆಂದು ಅದರ ಗೂಡುಗಳೊಳಗೆ ತೆಳುವಾದ ಕಡ್ಡಿಗಳನ್ನು ಹೆಣೆದರು. ಹೀಗೆ ಎರಡು ಸಾಲಿನ ರೆಕ್ಕೆಯು ಹುಟ್ಟಿತು.

ಇದರ ಮೇಲೆ ತೂಕವನ್ನೂ ಇಳಿಸುವ ಯತ್ನವು ಕೂಡಿಕೊಂಡಿತು. ಚದರ ಮೀಟರಿಗೆ ೨೭ ಗ್ರಾಮಿನಷ್ಟೇ ತೂಗುವ ಬಟ್ಟೆಯಿಂದ ಹೊಲಿದ ಹಗುರಾದ ರೆಕ್ಕೆಯು ಒಟ್ಟು ೪ ಕಿಲೋಗ್ರಾಮಿನ ಆಚೀಚೆ ತೂಗುತ್ತದೆ. ಅಷ್ಟೇ ವಿಸ್ತಾರದ ಸಾಮಾನ್ಯ ರೆಕ್ಕೆಗೆ ೫ ರಿಂದ ೬ ಕಿಲೋಗ್ರಾಂ ಇರುವದುಂಟು. ದಾರಗಳ ಮೇಲಿನ ಹೊದಿಕೆಯನ್ನು ಸಹ ತೆಗೆದುಬಿಡುತ್ತಾರೆ. ಅವುಗಳಲ್ಲಿ ಹಲವು ಒಂದು ಮಿಲಿಮೀಟರಿಗಿಂತ ತೆಳುವಾಗಿರುತ್ತವೆ. ಕಲಿಯುವವರ ರೆಕ್ಕೆಯು ನಿಂತ ಗಾಳಿಯಲ್ಲಿ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು ೮ ಕಿಲೋಮೀಟರ್ ಜಾರಿದರೆ, ಇದು ೧೦ ೧೧ ಕಿಲೋಮೀಟರ್ ಜಾರುತ್ತದೆ. ಈ ಬಗೆಯ ಸುಧಾರಣೆಗಳ ಫಲವಾಗಿ ೨೦೧೬ರಲ್ಲಿ ಬ್ರಾಜಿಲ್ ದೇಶದಲ್ಲಿ ಮೂವರು ಜೊತೆಯಾಗಿ ಒಂದೇ ದಿನದಲ್ಲಿ ೫೬೪ ಕಿಲೋಮೀಟರ್ ಹಾರಿದರು. ಇದು ಬೆಳಗಾವಿಯಿಂದ ಬೆಂಗಳೂರಿಗಿರುವ ದಾರಿಗಿಂತಲೂ ಹೆಚ್ಚು. ಮುಂದೆ ಆ ಅಂಕೆಯನ್ನೂ ದಾಟಿದವರಿದ್ದಾರೆ. ಒಂದು ಹನಿ ಎಣ್ಣೆಯಿಲ್ಲದೆ, ಬೆನ್ನಿಗೆ ಹೊತ್ತೊಯ್ಯಬಹುದಾದ ಒಂದು ಬಟ್ಟೆಯ ಗಂಟಿನಿಂದ ಇಷ್ಟು ಸಾಧಿಸುವದೆಂದರೆ ಲಾಘವದ ಮಹಿಮೆಯನ್ನು ಯಾರಾದರೂ ಒಪ್ಪಲೇಬೇಕು.

ಆದರೆ ತೆಗೆದುಹಾಕಿದ ಮೂರನೆಯ ಸಾಲು ಅಲ್ಲಿ ವ್ಯರ್ಥವಾಗಿ ಜೋತಿರಲಿಲ್ಲ. ಅದು ರೆಕ್ಕೆಯ ಹಿಂಭಾಗವನ್ನು ಹಿಡಿದಿಡುತ್ತಿತ್ತು. ಅದರಿಂದ ಭಾರವು ಹಲವು ಕಡೆ ಹಂಚಿಹೋಗುತ್ತಿತ್ತು. ಗಾಳಿಯ ಹೊಡೆತಕ್ಕೆ ರೆಕ್ಕೆಯ ಒಂದು ಮಗ್ಗುಲು ಮಡಿಚಿಕೊಂಡರೆ, ಅದು ಸಾವಕಾಶವಾಗಿ ತನ್ನಿಂದ ತಾನೇ ಬಿಚ್ಚಿಕೊಳ್ಳುವಂತೆ ಆ ಸಾಲು ನೆರವಾಗುತ್ತಿತ್ತು. ಕುಳಿತವನು ಏನೂ ಮಾಡದಿದ್ದರೂ ಹೆಚ್ಚಾಗಿ ಬದುಕಿಕೊಳ್ಳುತ್ತಿದ್ದನು. ಎರಡು ಸಾಲಿನ ರೆಕ್ಕೆಯ ಗುಣವೇ ಬೇರೆ. ಅದು ಒಳಗಿನ ಕಡ್ಡಿಗಳ ಬಲದಿಂದ ಗಟ್ಟಿಯಾಗಿ ನಿಲ್ಲುತ್ತದೆ. ಸಣ್ಣಪುಟ್ಟ ಹೊಡೆತಗಳಿಗೆ ಬಗ್ಗುವದಿಲ್ಲ. ನಿಪುಣನಾದವನು ಹಿಂದಿನ ಸಾಲಿನ ಹಿಡಿಕೆಗಳನ್ನು ಬೆರಳಲ್ಲಿ ಹಿಡಿದು ಕ್ಷಣಕ್ಷಣಕ್ಕೂ ಅದನ್ನು ತಿದ್ದುತ್ತ ವೇಗವಾಗಿ ಸಾಗಬಲ್ಲನು. ಅದು ಮಡಿಚಿಕೊಳ್ಳುವದು ಕಡಿಮೆ. ಮಡಿಚಿಕೊಂಡಿತೆಂದರೆ ಮಾತ್ರ ಅದರ ರಭಸವು ಉಗ್ರವಾಗಿರುತ್ತದೆ. ನೀಳವಾದ ತುದಿಯು ದಾರಗಳಲ್ಲಿ ಸಿಕ್ಕಿಹಾಕಿಕೊಳ್ಳುವದೂ ಉಂಟು. ಆಗ ಏನು ಮಾಡಬೇಕೆಂಬದನ್ನು ಯೋಚಿಸಿ ನಿರ್ಧರಿಸುವಷ್ಟು ಹೊತ್ತು ದೊರೆಯುವದಿಲ್ಲ. ಕೈಗೆ ಮೊದಲೇ ತಿಳಿದಿರಬೇಕು.

ಇಲ್ಲಿಯೇ ನೀತಿಯ ಪ್ರಶ್ನೆಯ ಬೀಜವಿದೆ. ದಿನಾಲು ತೊಂದರೆ ಕೊಡುವ ಸಣ್ಣ ದೋಷವು ಮನುಷ್ಯನನ್ನು ಎಚ್ಚರವಾಗಿಡುತ್ತದೆ. ಎಂದೋ ಒಮ್ಮೆ ಬಂದು ಎಲ್ಲವನ್ನೂ ಕೊಂಡೊಯ್ಯುವ ದೋಷವು ಅವನನ್ನು ಮೈಮರೆಸುತ್ತದೆ. ನೂರು ದಿನ ಸುಖವಾಗಿ ಹಾರಿದವನು ಆ ಸುಖವೆಲ್ಲ ತನ್ನ ಸಾಮರ್ಥ್ಯದ ಫಲವೆಂದು ತಿಳಿಯುತ್ತಾನೆ. ಅದು ಗಾಳಿಯ ದಾಕ್ಷಿಣ್ಯವಾಗಿತ್ತೆಂದು ನೂರೊಂದನೆಯ ದಿನವೇ ತಿಳಿಯುವದು. ೨೦೧೧ರ ಜುಲೈ ತಿಂಗಳಲ್ಲಿ ಸ್ಪೇನ್ ದೇಶದ ಪೀದ್ರಾಇತಾದಲ್ಲಿ ಈ ಕ್ರೀಡೆಯ ಜಗತ್ಪಂದ್ಯವು ನಡೆದಾಗ, ಎರಡು ಸಾಲಿನ ಹೊಸ ರೆಕ್ಕೆಗಳು ಸ್ಪರ್ಧಾಳುಗಳಲ್ಲಿ ಬಹಳ ಬಳಕೆಗೆ ಬಂದಿದ್ದವು. ಆ ಪಂದ್ಯದಲ್ಲಿ ಇಬ್ಬರು ಸತ್ತರು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಲಾಯಿತು. ಪ್ರಮಾಣಪತ್ರವಿಲ್ಲದ ಪಂದ್ಯದ ರೆಕ್ಕೆಗಳನ್ನು ಅಂತರರಾಷ್ಟ್ರೀಯ ಮಂಡಲವು ಬಳಿಕ ತಡೆಹಿಡಿಯಿತು. ಅದಕ್ಕೆಲ್ಲ ರೆಕ್ಕೆಯ ರಚನೆಯೊಂದೇ ಕಾರಣವೆನ್ನುವದು ನ್ಯಾಯವಾಗಲಾರದು. ಗಾಳಿ, ಸ್ಪರ್ಧೆಯ ಆವೇಶ, ಮನುಷ್ಯನ ನಿರ್ಣಯ ಇವೆಲ್ಲ ಕೂಡಿರುತ್ತವೆ. ಆದರೂ ಲೋಕದಲ್ಲಿ ಅತ್ಯಂತ ನಿಪುಣರಾದವರ ನಡುವೆಯೇ ಹೀಗಾಗಬಹುದಾದರೆ, ಉಳಿದವರು ತಮ್ಮ ಲಾಘವದ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳುವದು ಅಗತ್ಯವೆಂದು ಆಗ ಎಲ್ಲರಿಗೂ ಹೊಳೆಯಿತು.

ತೆಗೆದ ಸಾಲಿನ ಭಾರವು ಎಲ್ಲಿಗೆ ಹೋಯಿತೆಂಬದಕ್ಕೆ ಉತ್ತರವು ಈಗ ಸಿಕ್ಕಂತಾಯಿತು. ಅದು ರೆಕ್ಕೆಯಿಂದ ಇಳಿದು ಹಾರುವವನನ್ನು ಏರಿತು. ಮೊದಲು ದಾರವು ಮಾಡುತ್ತಿದ್ದ ಕೆಲಸವನ್ನು ಈಗ ಅವನ ಬೆರಳು, ಕಣ್ಣು, ಅಭ್ಯಾಸ, ಧೈರ್ಯಗಳು ಮಾಡಬೇಕು. ಸಾಧನವು ಹಗುರಾದಷ್ಟೂ ಸಾಧಕನು ಭಾರವನ್ನು ಹೊತ್ತವನಾಗಬೇಕು.

ಈ ಮಾತು ಹೊಸದಾಗಿ ಕಂಡರೂ ಭರತಖಂಡದ ವಿದ್ಯೆಯಲ್ಲಿ ಇದಕ್ಕೆ ಹಳೆಯ ದೃಷ್ಟಾಂತವುಂಟು. ಲಾಘವವೆಂಬ ಶಬ್ದವನ್ನು ವೈಯಾಕರಣರಷ್ಟು ಪ್ರೀತಿಸಿದವರಿಲ್ಲ. ಅರ್ಧಮಾತ್ರೆ ಉಳಿದರೂ ಹಬ್ಬ ಮಾಡುವವರೆಂದು ಅವರಿಗೆ ಹೆಸರಿದೆ. ಪಾಣಿನಿಯು ಇಡಿಯ ಸಂಸ್ಕೃತ ಭಾಷೆಯ ಲಕ್ಷಣವನ್ನು ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಅಡಕಮಾಡಿದನು. ಸ್ವರಗಳೆಲ್ಲವನ್ನೂ ಹೇಳಬೇಕಾದಲ್ಲಿ ‘ಅಚ್’ ಎಂಬ ಒಂದು ಸಂಕೇತ ಸಾಕು. ಮೇಲಿನ ಸೂತ್ರದಲ್ಲಿ ಬಂದ ಪದವನ್ನು ಕೆಳಗಿನ ಸೂತ್ರಗಳಲ್ಲಿ ಮತ್ತೆ ಹೇಳುವದಿಲ್ಲ. ಅಷ್ಟಾಧ್ಯಾಯಿಯ ಕೊನೆಯ ಸೂತ್ರದಲ್ಲಿ ಎರಡು ಅಕಾರಗಳ ಹೊರತು ಮತ್ತೇನೂ ಇಲ್ಲ. ಇದಕ್ಕಿಂತ ಹಗುರಾದ ಗ್ರಂಥವನ್ನು ಕಲ್ಪಿಸುವದು ಕಠಿಣ.

ಆದರೆ ಪಾಠಶಾಲೆಯಲ್ಲಿ ಇದನ್ನು ಓದಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಸೂತ್ರದಲ್ಲಿ ಬಿಟ್ಟ ಪದವನ್ನು ವಿದ್ಯಾರ್ಥಿಯು ತನ್ನ ಮನಸ್ಸಿನಲ್ಲಿ ಹೊತ್ತುಕೊಂಡೇ ಮುಂದಿನ ಸೂತ್ರಕ್ಕೆ ಹೋಗಬೇಕು. ಸಂಕೇತಗಳೆಲ್ಲ ಕಂಠಸ್ಥವಾಗಿರಬೇಕು. ಯಾವ ಸೂತ್ರವು ಯಾವದನ್ನು ಬಾಧಿಸುವದೆಂಬದು ಕ್ಷಣದಲ್ಲಿ ಹೊಳೆಯಬೇಕು. ವ್ಯಾಕರಣಕ್ಕೆ ಹನ್ನೆರಡು ವರ್ಷ ಬೇಕೆಂಬ ಹಳೆಯ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಸೂತ್ರವು ಇಳಿಸಿದ ಭಾರವನ್ನು ಕಾತ್ಯಾಯನನ ವಾರ್ತಿಕಗಳೂ ಪತಂಜಲಿಯ ಮಹಾಭಾಷ್ಯವೂ ಮತ್ತೆ ಎತ್ತಿಕೊಂಡವು. ಅವು ಎತ್ತದೆ ಉಳಿದುದನ್ನು ಗುರುವು ಎತ್ತಿಕೊಂಡನು. ಗುರುವು ಅದನ್ನು ಶಿಷ್ಯನ ತಲೆಗೆ ಏರಿಸಿದನು. ಅಭ್ಯಾಸವಿಲ್ಲದವನ ಕೈಯಲ್ಲಿ ಅಷ್ಟಾಧ್ಯಾಯಿಯು ಒಂದು ತೆಳುವಾದ ಪುಸ್ತಕ ಮಾತ್ರ. ಅದನ್ನು ಓದಿ ಅವನು ಒಂದು ರೂಪವನ್ನೂ ಸಾಧಿಸಲಾರನು. ಹೆಚ್ಚೆಂದರೆ ಅವನು ಅಶುದ್ಧ ಮಾತಾಡಿ ನಗೆಗೀಡಾದಾನು. ಹಾರುವವನ ಅಶುದ್ಧಿಗೆ ದಂಡವು ಬೇರೆ.

ಆದ್ದರಿಂದಲೇ ಹಳೆಯ ಶಾಸ್ತ್ರಗಳು ಗ್ರಂಥದ ಆರಂಭದಲ್ಲಿಯೇ ಅಧಿಕಾರಿ ಯಾರೆಂಬದನ್ನು ವಿಚಾರಿಸುತ್ತಿದ್ದವು. ಅಧಿಕಾರವೆಂದರೆ ಹಕ್ಕು ಎಂದಷ್ಟೇ ಇಂದಿನವರು ತಿಳಿಯುತ್ತಾರೆ. ಯೋಗ್ಯತೆ ಎಂಬದು ಅದರ ಮೂಲಾರ್ಥ. ಆ ವಿಚಾರದಲ್ಲಿ ಹಿಂದೆ ಒಂದು ದೊಡ್ಡ ತಪ್ಪು ನಡೆಯಿತೆಂಬದನ್ನು ಮರೆಮಾಚಲಾಗದು. ಯೋಗ್ಯತೆಯನ್ನು ಅಭ್ಯಾಸದಿಂದ ಅಳೆಯದೆ ಹುಟ್ಟಿನಿಂದ ಅಳೆದರು. ಎಷ್ಟೋ ಜನರನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಆ ಅಳತೆಗೋಲು ಮುರಿದುದು ಒಳ್ಳೆಯದಾಯಿತು. ಆದರೆ ಅಳತೆಗೋಲು ಸುಳ್ಳಾಗಿತ್ತೆಂದ ಮಾತ್ರಕ್ಕೆ ಅಳೆಯುವದೇ ಬೇಡವೆಂದು ಹೇಳುವದು ವಿವೇಕವಲ್ಲ. ಗಾಳಿಯು ಯಾರ ಕುಲವನ್ನೂ ಕೇಳುವದಿಲ್ಲ. ಕೈಯ ಅಭ್ಯಾಸವನ್ನು ಮಾತ್ರ ಕೇಳುತ್ತದೆ.

ಪ್ಯಾರಾಗ್ಲೈಡರುಗಳ ವಿಷಯದಲ್ಲಿ ಯೂರೋಪಿನವರು ಮಾಡಿಕೊಂಡ ವ್ಯವಸ್ಥೆಯು ಈ ಬಗೆಯದಾಗಿದೆ. ಪ್ರತಿಯೊಂದು ಮಾದರಿಯ ರೆಕ್ಕೆಗೆ ಎಂಟು ಪಟ್ಟು ಭಾರವನ್ನು ಹೇರಿ ಜಗ್ಗಿ ನೋಡುತ್ತಾರೆ. ಬಳಿಕ ನುರಿತ ಪರೀಕ್ಷಕರು ಆಕಾಶದಲ್ಲಿ ಬೇಕೆಂದೇ ಅದನ್ನು ಮಡಿಚಿ, ಅದು ಹೇಗೆ ಬಿಚ್ಚಿಕೊಳ್ಳುತ್ತದೆಂಬದನ್ನು ನೋಡಿ ಎ, ಬಿ, ಸಿ, ಡಿ ಎಂಬ ನಾಲ್ಕು ತರಗತಿಗಳಲ್ಲಿ ಇಡುತ್ತಾರೆ. ಎ ತರಗತಿಯ ರೆಕ್ಕೆಯು ಹೊಸಬನ ತಪ್ಪನ್ನು ಕ್ಷಮಿಸುತ್ತದೆ. ಡಿ ತರಗತಿಯದು ಬಲ್ಲವನನ್ನೇ ಬಯಸುತ್ತದೆ. ಎರಡು ಸಾಲಿನ ರೆಕ್ಕೆಗಳು ಮೊದಲು ಪಂದ್ಯಕ್ಕೂ ಡಿ ತರಗತಿಗೂ ಮೀಸಲಾಗಿದ್ದವು. ೨೦೨೦ರ ಈಚೆಗೆ ಸಿ ತರಗತಿಯಲ್ಲಿಯೂ ಅವು ಬಂದಿವೆ. ಇದಕ್ಕೆ ಸಂತೋಷಪಡಬೇಕು, ಏಕೆಂದರೆ ಆ ಭಾರದ ಒಂದು ಪಾಲನ್ನು ನಿರ್ಮಾಪಕರೂ ಪರೀಕ್ಷಕರೂ ತಮ್ಮ ಶ್ರಮದಿಂದ ತಾವೇ ಹೊತ್ತಿದ್ದಾರೆ. ಆದರೆ ಪಾಲು ಹೊತ್ತರೆಂದರೆ ಎಲ್ಲವನ್ನೂ ಹೊತ್ತಂತಾಗಲಿಲ್ಲ. ಪರೀಕ್ಷೆಯ ಅಕ್ಷರವು ರೆಕ್ಕೆಗೆ ಕೊಟ್ಟದ್ದೇ ಹೊರತು ಅದನ್ನು ಕೊಂಡವನಿಗೆ ಕೊಟ್ಟದ್ದಲ್ಲ.

ಈ ಕಡೆಯ ಮಾತಿನಲ್ಲಿ ಇಂದಿನ ಕಾಲದ ಒಂದು ದೊಡ್ಡ ಮೋಹವು ಅಡಗಿದೆ. ಹಣವುಳ್ಳವನಿಗೆ ಅತ್ಯುತ್ತಮ ರೆಕ್ಕೆಯು ಒಂದು ದಿನದಲ್ಲಿ ದೊರೆಯುತ್ತದೆ. ಐದು ವರ್ಷಗಳ ಅಭ್ಯಾಸವು ಐದು ವರ್ಷಗಳಲ್ಲಿಯೇ ದೊರೆಯುವದು. ಬಯಲಿನಲ್ಲಿ ನಿಂತು ರೆಕ್ಕೆಯನ್ನು ತಲೆಯ ಮೇಲಕ್ಕೆತ್ತುವದು, ಗಾಳಿಯಲ್ಲಿ ನಿಲ್ಲಿಸುವದು, ಬೀಳಿಸುವದು, ಮತ್ತೆ ಎತ್ತುವದು, ಹೀಗೆ ಗಂಟೆಗಟ್ಟಲೆ ಮಾಡುವ ಅಭ್ಯಾಸದಲ್ಲಿ ಯಾವ ಕೀರ್ತಿಯೂ ಇಲ್ಲ. ನೋಡುವವರಿಗೆ ಅದು ಮಕ್ಕಳ ಗಾಳಿಪಟದ ಆಟದಂತೆ ಕಾಣುವದು. ಆದರೆ ಆ ಬೇಸರದ ಗಂಟೆಗಳಲ್ಲಿಯೇ ಮೂರನೆಯ ಸಾಲು ಮನುಷ್ಯನೊಳಗೆ ನೇಯಲ್ಪಡುತ್ತದೆ. ಹೊರಗಿನ ಸಾಲನ್ನು ಹಣದಿಂದ ಬಿಚ್ಚಿಸಬಹುದು. ಒಳಗಿನ ಸಾಲನ್ನು ಹಣದಿಂದ ಕಟ್ಟಿಸಲಾಗದು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಹಾರುವವನು ತನ್ನ ಪ್ರಾಣವನ್ನು ತಾನು ಒಡ್ಡುತ್ತಾನೆ, ಅದರಲ್ಲಿ ಧರ್ಮಾಧರ್ಮಗಳ ಮಾತೇನು? ಈ ಆಕ್ಷೇಪವು ಬಲವಾದದ್ದೆಂದು ತೋರಿದರೂ ನಿಲ್ಲುವದಿಲ್ಲ. ಯಾವನೂ ಕೇವಲ ತನಗೇ ಸೇರಿದವನಲ್ಲ. ಅವನಿಗಾಗಿ ಸಂಜೆಯ ಹೊತ್ತು ದಾರಿ ನೋಡುವವರು ಮನೆಯಲ್ಲಿರುತ್ತಾರೆ. ಅವನು ಕಣಿವೆಯಲ್ಲಿ ಬಿದ್ದರೆ ತಮ್ಮ ಕೆಲಸ ಬಿಟ್ಟು, ತಮ್ಮ ಮೈಗೂ ಅಪಾಯ ತಂದುಕೊಂಡು ಹುಡುಕುವವರು ಬೆಟ್ಟದ ಹಳ್ಳಿಗರು. ಅವನು ಇಳಿಯುವ ಹೊಲದಲ್ಲಿ ಒಬ್ಬ ರೈತನ ಪೈರು ಇರುತ್ತದೆ. ತಾನು ಇಳಿಸಿದ ಭಾರವನ್ನು ಅವರು ಹೊರಲೆಂದು ಬಿಡುವದು ಲಾಘವವಲ್ಲ, ಅದು ಸಾಲ. ಸಾಲವನ್ನು ತೀರಿಸುವ ಶಕ್ತಿಯಿಲ್ಲದೆ ಮಾಡುವದು ಹೇಗೆ ಅಧರ್ಮವೋ ಇದೂ ಹಾಗೆಯೇ.

ಇನ್ನು ಕೆಲವರು ಇದರ ವಿರುದ್ಧ ತುದಿಗೆ ಹೋಗುತ್ತಾರೆ. ದಾರಗಳು ಹೆಚ್ಚಾದಷ್ಟೂ ಕ್ಷೇಮವಾದರೆ ಹತ್ತು ಸಾಲು ಕಟ್ಟಬಾರದೇಕೆ? ಹಾರುವದನ್ನೇ ಬಿಟ್ಟು ಮನೆಯಲ್ಲಿ ಕುಳಿತರೆ ಇನ್ನೂ ಕ್ಷೇಮವಲ್ಲವೇ? ಇದಕ್ಕೂ ವಸ್ತುವಿನಲ್ಲಿಯೇ ಉತ್ತರವಿದೆ. ಅತಿಯಾದ ದಾರಗಳಿಂದ ನಿಧಾನವಾದ ರೆಕ್ಕೆಯು, ಗಾಳಿಯು ಬಲವಾದಾಗ ಮುಂದೆ ಸರಿಯಲಾರದೆ ಬೆಟ್ಟದ ಹಿಂಬದಿಯ ಸುಳಿಗಾಳಿಗೆ ತಳ್ಳಲ್ಪಡುವದು. ಅಂಥ ಸಮಯದಲ್ಲಿ ವೇಗವೇ ರಕ್ಷಣೆ. ಆದ್ದರಿಂದ ಹೆಚ್ಚು ಕಟ್ಟು ಇದ್ದಲ್ಲಿ ಹೆಚ್ಚು ಕ್ಷೇಮವೆಂಬ ನಿಯಮವೇನೂ ಇಲ್ಲ. ಹೆದರಿಕೆಯಿಂದ ಕಟ್ಟಿದ ದಾರವೂ ಒಮ್ಮೊಮ್ಮೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ಯಾವ ದಾರವು ಯಾವ ಕೆಲಸ ಮಾಡುತ್ತಿದೆ, ಅದನ್ನು ಬಿಚ್ಚಿದರೆ ಆ ಕೆಲಸವನ್ನು ಯಾರು ಮಾಡುವರು, ಅವರು ಅದಕ್ಕೆ ಸಿದ್ಧರಿದ್ದಾರೆಯೇ, ಇವಿಷ್ಟು ತಿಳಿದ ಬಳಿಕ ಬಿಚ್ಚುವದು ವಿವೇಕ. ತಿಳಿಯದೆ ಬಿಚ್ಚುವದು ಹುಡುಗಾಟ.

ವಾಚಕರು ತಮ್ಮ ಮನೆಗಳನ್ನೇ ನೋಡಿಕೊಂಡರೆ ಈ ಮಾತಿನ ತಾತ್ಪರ್ಯವು ಇನ್ನೂ ಸ್ಪಷ್ಟವಾಗುವದು. ಹಿಂದಿನ ಅವಿಭಕ್ತ ಕುಟುಂಬವು ಬಹುಸಾಲುಗಳ ರೆಕ್ಕೆಯಂತಿತ್ತು. ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಗವ್ವ, ಅತ್ತೆ ಎಂದು ಎಷ್ಟೋ ಎಳೆಗಳು. ಅವುಗಳ ಜಗ್ಗಾಟದಿಂದ ಮನೆಯು ನಿಧಾನವಾಗಿ ಸಾಗುತ್ತಿತ್ತು. ಬುದ್ಧಿವಂತನಾದ ಹುಡುಗನೂ ಆ ನಿಧಾನಕ್ಕೆ ಸಿಕ್ಕಿ ಚಡಪಡಿಸುತ್ತಿದ್ದನು. ಸೊಸೆಯಂದಿರ ಕಷ್ಟವನ್ನಂತೂ ಹೇಳತೀರದು. ಈಗ ಗಂಡಹೆಂಡಿರು ಇಬ್ಬರೇ ಪುಣೆಗೋ ಬೆಂಗಳೂರಿಗೋ ಹೋಗಿ ಸಂಸಾರ ಹೂಡುತ್ತಾರೆ. ಎರಡು ಸಾಲಿನ ಹಗುರಾದ ಮನೆ. ಬೇಗ ಸಾಗುತ್ತದೆ, ದೂರ ಮುಟ್ಟುತ್ತದೆ. ಅದು ತಪ್ಪಲ್ಲ. ಆದರೆ ಒಂದು ದಿನ ಜಡ್ಡು ಬರುತ್ತದೆ, ಅಥವಾ ಕೆಲಸ ಹೋಗುತ್ತದೆ, ಅಥವಾ ಕೂಸು ಹುಟ್ಟುತ್ತದೆ. ಆಗ ಹಿಂದೆ ಅಜ್ಜಿಯು ಯಾರ ಗಮನಕ್ಕೂ ಬಾರದೆ ಹಿಡಿದಿಟ್ಟಿದ್ದ ಭಾರವೆಲ್ಲ ಆ ಇಬ್ಬರ ಮೇಲೆ, ಹೆಚ್ಚಾಗಿ ಒಬ್ಬಳ ಮೇಲೆಯೇ, ಒಮ್ಮೆಲೇ ಬೀಳುತ್ತದೆ. ಬೇರೆಯಾಗುವಾಗ ಈ ಲೆಕ್ಕವನ್ನು ಮಾಡಿ, ಪರಸ್ಪರ ಹೊರುವ ಅಭ್ಯಾಸವನ್ನು ಮಾಡಿಕೊಂಡವರು ಆ ಹೊಡೆತವನ್ನು ದಾಟುತ್ತಾರೆ. ಹಗುರಾದೆವೆಂದು ಹಿಗ್ಗಿದವರಷ್ಟೇ ಕಂಗೆಡುತ್ತಾರೆ.

ಲಾಘವದಲ್ಲಿ ಇನ್ನೊಂದು ಅಪಾಯವುಂಟು. ಹಗುರಾದವನಿಗೆ ಏರುವದು ಸುಲಭ, ಇಳಿಯುವದು ಕಷ್ಟ. ಒಳ್ಳೆಯ ರೆಕ್ಕೆಯು ಗಾಳಿಯ ಅಲ್ಪ ಸಹಾಯವನ್ನೂ ಹಿಡಿದು ಮೇಲೇರುತ್ತದೆ. ಬೇಡವಾದಾಗಲೂ ಏರುತ್ತಲೇ ಇರುತ್ತದೆ. ಸಾಮಾನ್ಯ ರೆಕ್ಕೆಯಲ್ಲಿ ಎರಡು ತುದಿಗಳನ್ನು ಮಡಿಚಿ ಬೇಗ ಇಳಿಯುವ ಸುಲಭೋಪಾಯವೊಂದಿದೆ. ಎಷ್ಟೋ ಎರಡು ಸಾಲಿನ ರೆಕ್ಕೆಗಳಲ್ಲಿ ಅದು ಸರಿಯಾಗಿ ನಡೆಯುವದಿಲ್ಲ. ಏರುವ ಗಾಳಿಯು ಎಷ್ಟು ದೂರ ಒಯ್ಯಬಲ್ಲದೆಂಬದಕ್ಕೆ ೨೦೦೭ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯದ ಮನಿಲ್ಲಾ ಎಂಬಲ್ಲಿ ನಡೆದ ಸಂಗತಿಯೇ ಸಾಕ್ಷಿ. ಎವಾ ವಿಶ್ನಿಯೆರ್ಸ್ಕಾ ಎಂಬ ಜರ್ಮನಿಯ ನಿಪುಣೆಯನ್ನು ಗುಡುಗಿನ ಮೋಡವೊಂದು ಎಳೆದುಕೊಂಡು ೯,೯೪೬ ಮೀಟರ್ ಎತ್ತರಕ್ಕೆ ಒಯ್ದಿತು. ಅದು ಎವರೆಸ್ಟ್ ಶಿಖರಕ್ಕಿಂತಲೂ ಮೇಲೆ. ಅವಳು ಎಚ್ಚರ ತಪ್ಪಿ, ಮೈಮೇಲೆ ಹಿಮ ಕಟ್ಟಿ, ದೈವವಶಾತ್ ಜೀವಂತವಾಗಿ ಕೆಳಗಿಳಿದಳು. ಅದೇ ಬಿರುಗಾಳಿಯಲ್ಲಿ ಸಿಕ್ಕ ಚೀನದ ಒಬ್ಬ ಹಾರಾಟಗಾರನು ಬದುಕಲಿಲ್ಲ.

ಇದನ್ನು ಕೇಳಿದಾಗ ರಾಮಾಯಣದ ಸಂಪಾತಿಯ ನೆನಪಾಗದಿರದು. ಸಂಪಾತಿ ಜಟಾಯುಗಳೆಂಬ ಅಣ್ಣತಮ್ಮಂದಿರು ಬಲದ ಮದದಿಂದ ಸೂರ್ಯಮಂಡಲದ ವರೆಗೆ ಹಾರಲು ಪಣ ತೊಟ್ಟರು. ತಮ್ಮನು ಬಿಸಿಲಿಗೆ ಬೆಂದು ಸೋತಾಗ ಅಣ್ಣನು ತನ್ನ ರೆಕ್ಕೆಗಳನ್ನು ಅವನ ಮೇಲೆ ಮುಚ್ಚಿ ಕಾಪಾಡಿ, ತಾನು ರೆಕ್ಕೆ ಸುಟ್ಟುಕೊಂಡು ವಿಂಧ್ಯದ ಮೇಲೆ ಬಿದ್ದನು. ಪುರಾಣಿಕರು ಇದರಲ್ಲ್ಲಿ ಗರ್ವಭಂಗವನ್ನಷ್ಟೇ ತೋರಿಸುವದುಂಟು. ಆದರೆ ಕಥೆಯಲ್ಲಿ ಇನ್ನೂ ಒಂದು ಮಾತಿದೆ. ಹೆಚ್ಚು ಬಲ್ಲವನು ಕಡಿಮೆ ಬಲ್ಲವನನ್ನು ಜೊತೆಗೆ ಏರಿಸಿದ ಮೇಲೆ ಅವನ ಭಾರವೂ ಬಲ್ಲವನದೇ. ಗುರುವಾಗಲಿ, ಹಿರಿಯ ಹಾರಾಟಗಾರನಾಗಲಿ, ಅಂಗಡಿಕಾರನಾಗಲಿ, ಹೊಸಬನ ಕೈಗೆ ಅವನ ಅಳವಿಗೆ ಮೀರಿದ ರೆಕ್ಕೆಯನ್ನು ಕೊಟ್ಟು ‘ನಿನ್ನ ಇಷ್ಟ’ ಎಂದು ಕೈತೊಳೆದುಕೊಳ್ಳಲಾಗದು. ಬೇಡವೆಂದು ಹೇಳುವದರಿಂದ ಗಿರಾಕಿಯೂ ಶಿಷ್ಯನೂ ಮುನಿಸಿಕೊಳ್ಳಬಹುದು. ಆ ಮುನಿಸನ್ನು ಸಹಿಸುವದೇ ಅಲ್ಲಿ ಬಲ್ಲವನು ಹೊರಬೇಕಾದ ಭಾರ.

ಹಾಗಾದರೆ ಯಾವದನ್ನು ಬಿಡಬಹುದು, ಯಾವದನ್ನು ಬಿಡಬಾರದು? ನಾಗರಪಂಚಮಿಗೆ ಈ ಭಾಗದ ಊರೂರಲ್ಲಿಯೂ ಮರಗಳಿಗೆ ಜೋಕಾಲಿ ಕಟ್ಟುತ್ತಾರೆ. ಅದು ತೂಗುವದೂ ಎರಡೇ ಹಗ್ಗಗಳಿಂದ. ಮೂರನೆಯ ಹಗ್ಗವನ್ನು ಯಾರೂ ಕೇಳುವದಿಲ್ಲ. ಆದರೆ ಹೆಣ್ಣುಮಕ್ಕಳು ಏರುವ ಮುಂಚೆ ಹಿರಿಯನೊಬ್ಬನು ಹಗ್ಗವನ್ನು ಹಿಡಿದು ಜೋತಾಡಿ, ಕೊಂಬೆಯ ಕಡೆಗೆ ಒಮ್ಮೆ ಕಣ್ಣಾಡಿಸದೆ ಬಿಡುವದಿಲ್ಲ. ಎರಡು ಸಾಲಿನ ರೆಕ್ಕೆಗೂ ಇದೇ ನ್ಯಾಯ. ಹೊದಿಕೆಯಿಲ್ಲದ ತೆಳುವಾದ ದಾರಗಳು ಬಳಕೆಯಿಂದ ಸವೆಯುತ್ತವೆ. ಕೆಲವು ಜಾತಿಯವು ಮೋಟಾಗುತ್ತವೆ. ಕೆಲವೇ ಮಿಲಿಮೀಟರುಗಳ ವ್ಯತ್ಯಾಸದಿಂದಲೂ ರೆಕ್ಕೆಯ ನಡತೆ ಬದಲಾಗುತ್ತದೆ. ಆದಕಾರಣ ಅವನ್ನು ಕಾಲಕಾಲಕ್ಕೆ ಅಳೆಯಿಸಿ ಸರಿಪಡಿಸಬೇಕು. ಆಪತ್ಕಾಲದ ಪ್ಯಾರಾಶೂಟನ್ನು ತೂಕವಾಗುವದೆಂದು ಮನೆಯಲ್ಲಿ ಬಿಟ್ಟುಹೋಗುವದು ಲಾಘವದ ಹೆಸರಿನಲ್ಲಿ ಮಾಡುವ ಆತ್ಮವಂಚನೆ. ಬಿಡತಕ್ಕದ್ದು ಆಡಂಬರ, ಅವಸರ, ಇನ್ನೊಬ್ಬನಿಗಿಂತ ಮುಂದಿದ್ದೇನೆಂಬ ಹಮ್ಮು. ಇವುಗಳ ತೂಕವು ತಕ್ಕಡಿಯಲ್ಲಿ ಕಾಣುವದಿಲ್ಲ. ಆದರೆ ಇವುಗಳಷ್ಟು ಜನರನ್ನು ಕೆಳಗೆಳೆದದ್ದು ಬೇರೊಂದಿಲ್ಲ.

ಮುಗಳಖೋಡದ ಹೊಲದ ಮೇಲೆ ಸುತ್ತುವ ಹದ್ದಿಗೆ ಈ ವಿಚಾರದ ಅಗತ್ಯವಿಲ್ಲ. ಅದರ ರೆಕ್ಕೆಯೂ ಅದರ ವಿದ್ಯೆಯೂ ಒಟ್ಟಿಗೇ ಹುಟ್ಟಿ ಒಟ್ಟಿಗೇ ಬೆಳೆದವು. ಮನುಷ್ಯನಿಗೆ ಹಾಗಲ್ಲ. ಅವನ ರೆಕ್ಕೆಯು ಇನ್ನೊಬ್ಬನು ಹೊಲಿದದ್ದು. ಅವನ ವಿದ್ಯೆಯನ್ನು ಅವನೇ ಗಳಿಸಬೇಕು. ಇವೆರಡರ ನಡುವೆ ಅಂತರ ಬಿದ್ದಲ್ಲಿಯೇ ಆಪತ್ತು ಮನೆಮಾಡುವದು. ಹೊಸ ಸಾಧನವು ಕೈಗೆ ಬಂದಾಗ, ಅದು ರೆಕ್ಕೆಯಾಗಲಿ, ಯಂತ್ರವಾಗಲಿ, ಹೊಸ ಬಾಳಿನ ಕ್ರಮವಾಗಲಿ, ಅದು ತನ್ನಿಂದ ಇಳಿಸಿದ ಭಾರವನ್ನು ಹುಡುಕಿ ತೆಗೆದು, ತಾನು ಹೊರಬಲ್ಲೆನೇ ಎಂದು ಕೇಳಿಕೊಳ್ಳುವವನೇ ಅದಕ್ಕೆ ಅಧಿಕಾರಿ.

ಹಗುರಾದ ರೆಕ್ಕೆಯ ಒಂದು ಉಪಯೋಗವನ್ನು ಅದನ್ನು ಹೊಗಳುವವರು ಹೆಚ್ಚಾಗಿ ಹೇಳುವದಿಲ್ಲ. ಹಾರಲೆಂದು ಬೆಟ್ಟವನ್ನು ಹತ್ತಿದವನು ಅಂಚಿನಲ್ಲಿ ನಿಂತು ಗಾಳಿಯನ್ನು ನೋಡುತ್ತಾನೆ. ಮೋಡಗಳು ಬೇಗಬೇಗನೆ ಬೆಳೆಯುತ್ತಿರುತ್ತವೆ. ಹುಲ್ಲು ಬೇಡವಾದ ದಿಕ್ಕಿಗೆ ಬಾಗುತ್ತಿರುತ್ತದೆ. ಅವನು ರೆಕ್ಕೆಯನ್ನು ಬಿಚ್ಚದೆಯೇ, ಅಥವಾ ಬಿಚ್ಚಿದ್ದನ್ನು ಮತ್ತೆ ಮಡಿಚಿ, ಬೆನ್ನಿಗೇರಿಸಿಕೊಂಡು ಬಂದ ದಾರಿಯಿಂದಲೇ ಕೆಳಗಿಳಿಯುತ್ತಾನೆ. ಅಂದಿನ ದಿನ ನಾಲ್ಕೇ ಕಿಲೋಗ್ರಾಮಿನ ಆ ಗಂಟು ಅವನಿಗೆ ನಿಜವಾಗಿ ಹಗುರಾಗಿರುತ್ತದೆ.